ನೀರಗಂಟಿಯ ಸರದಿ

ನಾನು ಪಿಎಚ್.ಡಿ. ಮಾಡುತ್ತಿರುವುದು ‘ಮೆಸೇಜ್ ಬ್ರೋಕರ್’ ಎಂಬ ತಂತ್ರಾಂಶಗಳ ಮೇಲೆ. ಚಿಕ್ಕಬಳ್ಳಾಪುರದ ಕಡೆ ಇದನ್ನು ಹೇಳಿಕೊಂಡು ತಿರುಗುವುದು ಸ್ವಲ್ಪ ಕಷ್ಟ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮಲ್ಲಿ ಬ್ರೋಕರ್ ಎಂದರೆ ಒಂದೇ ಅರ್ಥ: ಬಿಳಿ ಅಂಗಿ, ಎರಡು ಮೊಬೈಲು, ಕಂಕುಳಲ್ಲಿ ಪಹಣಿಯ ಜೆರಾಕ್ಸು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಓದಿನ ವಿಷಯ ಕೇಳಿ, "ಅದಕ್ಕೂ ಡಾಕ್ಟರು ಪದವಿ ಬೇಕಾ? ನಮ್ಮ ಊರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೆಲ್ಲ ಅದೇ ಮಾಡ್ತಾವ್ರೆ" ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು.

ಹಾಗೆ ನೋಡಿದರೆ ಅವರ ಪ್ರಶ್ನೆ ತೀರಾ ದೂರದ್ದೇನಲ್ಲ. ಈ ತಂತ್ರಾಂಶವೂ ಇಬ್ಬರ ನಡುವೆ ನಿಲ್ಲುತ್ತದೆ. ಒಂದು ದೊಡ್ಡ ಸಂಸ್ಥೆಯಲ್ಲಿ ಹತ್ತು ಬಗೆಯ ಕಂಪ್ಯೂಟರ್ ವ್ಯವಸ್ಥೆಗಳಿವೆ ಎಂದುಕೊಳ್ಳಿ. ದಾಸ್ತಾನಿಗೆ ಒಂದು, ಬಿಲ್ಲಿಗೆ ಒಂದು, ಬ್ಯಾಂಕಿಗೆ ಹಣ ಕಳಿಸಲು ಒಂದು, ಎಸ್ಸೆಮ್ಮೆಸ್ಸಿಗೆ ಒಂದು. ಪ್ರತಿಯೊಂದೂ ಪ್ರತಿಯೊಂದರ ಜೊತೆ ನೇರವಾಗಿ ಮಾತಾಡಬೇಕೆಂದರೆ 45 ದಾರಿಗಳು ಬೇಕು. ಅದರಲ್ಲಿ ಒಂದು ವ್ಯವಸ್ಥೆ ಮಲಗಿದರೆ ಅದರ ಜೊತೆ ಮಾತಾಡುತ್ತಿದ್ದವರೆಲ್ಲ ಬಾಯಿ ತೆರೆದುಕೊಂಡು ಕಾಯಬೇಕು. ನಡುವೆ ಬ್ರೋಕರ್ ಇದ್ದರೆ ಹತ್ತೇ ದಾರಿ ಸಾಕು. ಹೇಳುವವನು ತನ್ನ ಮಾತನ್ನು ಅದರ ಕೈಗೆ ಕೊಟ್ಟು ಹೋಗುತ್ತಾನೆ. ಕೇಳುವವನು ಎದ್ದಾಗ, ಬಿಡುವಾದಾಗ ತೆಗೆದುಕೊಳ್ಳುತ್ತಾನೆ. ಅಲ್ಲಿಯವರೆಗೆ ಮಾತು ಸರದಿಯಲ್ಲಿ ನಿಂತಿರುತ್ತದೆ.

ಇದರ ಇತಿಹಾಸ ಬಹಳ ಹಳೆಯದಲ್ಲ. 1980ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ವಿವೇಕ್ ರಣದಿವೆ ಷೇರುಪೇಟೆಯ ದರಗಳನ್ನು ಹಂಚಲು ಇಂಥದೊಂದನ್ನು ಕಟ್ಟಿದರು. ಐಬಿಎಂನ ಎಂಕ್ಯೂ 1993ರಲ್ಲಿ ಬಂತು. ಬಹಳಷ್ಟು ಬ್ಯಾಂಕುಗಳ ಹೊಟ್ಟೆಯೊಳಗೆ ಇವತ್ತಿಗೂ ಅದೇ ಕೂತಿದೆ. 2007ರಲ್ಲಿ ರ್‍ಯಾಬಿಟ್‌ಎಂಕ್ಯೂ, 2011ರಲ್ಲಿ ಲಿಂಕ್ಡ್‌ಇನ್ ಕಂಪನಿಯೊಳಗಿನಿಂದ ಹೊರಬಂದ ಕಾಫ್ಕಾ. ಹೌದು, ಆ ಕಾಫ್ಕಾನದೇ ಹೆಸರು. ಕಟ್ಟಿದವರಲ್ಲಿ ಒಬ್ಬರಾದ ಜೇ ಕ್ರೆಪ್ಸ್‌ಗೆ ಆ ಲೇಖಕ ಇಷ್ಟವಂತೆ. ಬರೆಯುವುದನ್ನೇ ಮುಖ್ಯ ಕೆಲಸ ಮಾಡಿಕೊಂಡ ವ್ಯವಸ್ಥೆಗೆ ಬರಹಗಾರನ ಹೆಸರು ಇರಲಿ ಎಂದು ಇಟ್ಟರಂತೆ. ಕೊಟ್ಟ ಅರ್ಜಿ ಎಲ್ಲಿಗೆ ಹೋಯಿತೆಂದು ತಿಳಿಯದೆ ಕಾಯುವವರ ಕಥೆಗಳನ್ನು ಬರೆದವನ ಹೆಸರನ್ನು ಸಂದೇಶ ತಲುಪಿಸುವ ಯಂತ್ರಕ್ಕೆ ಇಟ್ಟದ್ದನ್ನು ಕಂಡಾಗೆಲ್ಲ ನನಗೆ ನಗು ಬರುತ್ತದೆ.

ಇದನ್ನೆಲ್ಲ ನಾನು ಓದುವುದು ಮುದ್ದೇನಹಳ್ಳಿಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿ ಇರುವ ಊರು. ಹಿಂದೆ ನಂದಿಬೆಟ್ಟದ ಸಾಲು, ಮುಂದೆ ದ್ರಾಕ್ಷಿ ತೋಟ, ನಡುವೆ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಭಾನುವಾರ ಬೆಂಗಳೂರಿನಿಂದ ಬೆಟ್ಟಕ್ಕೆ ಬಂದವರು ಇಳಿಯುವಾಗ ಅವರ ಮನೆಯ ವಸ್ತುಸಂಗ್ರಹಾಲಯದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನ್ನ ಪ್ರಯೋಗಾಲಯವೆಂದರೆ ಒಂದು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಮೂರು ಹಳೆಯ ಡೆಸ್ಕ್‌ಟಾಪ್‌ಗಳು. ಮೂರೇ ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ನನ್ನ ಅಮ್ಮನ ಅಪ್ಪ ನೀರಗಂಟಿ. ಮುದ್ದೇನಹಳ್ಳಿಯಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿಯ ಒಂದು ಊರಿನ ಕೆರೆಗೆ ಅವನು ನೀರಗಂಟಿಯಾಗಿದ್ದ. ಅವನಪ್ಪನೂ ಅದೇ. ಈ ಮಾತು ಈಗ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹುಡುಗರಿಗೇ ಗೊತ್ತಿಲ್ಲದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸೀಮೆಗೆ ಹೊಳೆಗಳಿಲ್ಲ. ಹುಟ್ಟುವ ಪಾಲಾರ್, ಪಿನಾಕಿನಿಗಳೂ ಮಳೆ ಬಂದಾಗ ಮಾತ್ರ ಹೊಳೆಗಳು. ಅದಕ್ಕೆ ಹಿಂದಿನವರು ಕೆರೆಗಳನ್ನು ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಪ್ರತಿ ಕೆರೆಗೂ ಏರಿ, ಏರಿಯ ಬುಡದಲ್ಲಿ ತೂಬು, ತೂಬಿನಿಂದ ಕಾಲುವೆ, ಕಾಲುವೆಯ ಎರಡೂ ಬದಿಗೆ ಅಚ್ಚುಕಟ್ಟಿನ ಗದ್ದೆ. ತೂಬು ಎತ್ತುವವನು, ಮುಚ್ಚುವವನು, ಯಾರ ಗದ್ದೆಗೆ ಯಾವ ರಾತ್ರಿ ಎಷ್ಟು ಹೊತ್ತು ನೀರು ಎಂದು ತಿರುಗಿಸುವವನು ನೀರಗಂಟಿ. ರೈತರು ತಮ್ಮ ಗದ್ದೆಯ ಮಡೆಯನ್ನು ತಾವೇ ಒಡೆದುಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು, ಇಷ್ಟು ಭತ್ತ ಎಂದು.

ಈ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿಗೆ ಬಂದದ್ದು. ನಾವೂ ಅವರೇ. ಕೆರೆ ಬಗ್ಗೆ ಮಾತಾಡುವ ವಿಚಾರಸಂಕಿರಣಗಳಲ್ಲಿ ಒಂದು ಮಾತು ಕೇಳಿದ್ದೇನೆ: ನೀರಗಂಟಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲವಾದ್ದರಿಂದ ಅವನು ಯಾರ ಪಕ್ಷವನ್ನೂ ವಹಿಸದೆ ನ್ಯಾಯವಾಗಿ ಹಂಚುತ್ತಿದ್ದ, ನಮ್ಮ ಹಿರಿಯರ ಜಾಣತನ ನೋಡಿ ಎಂದು. ಈ ಹೊಗಳಿಕೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ತಾತ ಚಿಕ್ಕವನಾಗಿದ್ದಾಗ ಊರಿನ ಅಷ್ಟೂ ಗದ್ದೆಗೆ ನೀರು ತಿರುಗಿಸುತ್ತಿದ್ದ ಅವನಪ್ಪ ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಜಾಣತನ ಯಾರದು, ಅದರ ಖರ್ಚು ಯಾರದು ಎಂದು ಕೇಳದೆ ಅದನ್ನು ಹೊಗಳುವುದು ಹೇಗೆ?

ಅದಿರಲಿ, ತಾತನ ಕೆಲಸದ ಒಳಗುಟ್ಟು ನನಗೆ ಗೊತ್ತಾದದ್ದು ಅವನ ಬಾಯಿಂದಲೇ. ಕೆರೆ ತುಂಬಿದ ವರ್ಷ ನೀರಗಂಟಿಗೆ ಅಂಥ ಕೆಲಸವಿಲ್ಲ, ಎಲ್ಲರಿಗೂ ಸಾಕು. ಅರ್ಧ ತುಂಬಿದ ವರ್ಷವೇ ಅವನ ಪರೀಕ್ಷೆ. ತೂಬಿನ ಹತ್ತಿರದ ಗದ್ದೆಗಳು ಉಳ್ಳವರವು. ಕಾಲುವೆಯ ಕೊನೆಯ ಗದ್ದೆಗಳು ಇಲ್ಲದವರವು. ಸುಮ್ಮನೆ ಬಿಟ್ಟರೆ ನೀರು ಮೇಲಿನವರಲ್ಲೇ ಮುಗಿದು ಹೋಗುತ್ತದೆ. ಹಾಗಂತ ಎಲ್ಲರಿಗೂ ಸಮ ಎಂದರೂ ಆಗುವುದಿಲ್ಲ. ಹೊಡೆ ಬಂದ ಪೈರಿಗೆ ಒಂದು ವಾರ ನೀರು ತಪ್ಪಿದರೆ ಕಾಳು ಜೊಳ್ಳು, ಎಳೆ ಪೈರು ಸ್ವಲ್ಪ ತಡೆಯುತ್ತದೆ. ಅದಕ್ಕೆ ಅವನು ಹೊಡೆ ಬಂದ ಗದ್ದೆಗಳಿಗೆ ಹೆಚ್ಚು ರಾತ್ರಿ ಕೊಡುತ್ತಿದ್ದ. ಆದರೆ ಇಷ್ಟು ರಾತ್ರಿಗೊಮ್ಮೆ ಕೊನೆಯ ಗದ್ದೆಗೆ ನೀರು ಹೋಗಲೇಬೇಕು, ಮೇಲಿನವರು ಏನೇ ಅಂದರೂ. ಆ ‘ಇಷ್ಟು’ ಎಷ್ಟು ಎಂದು ಕೇಳಿದರೆ ಅವನು ಸಂಖ್ಯೆ ಹೇಳುತ್ತಿರಲಿಲ್ಲ. "ವರ್ಷ ನೋಡ್ಬೇಕು ಮಗ, ಪೈರು ನೋಡ್ಬೇಕು" ಎನ್ನುತ್ತಿದ್ದ. ಒಂದು ವರ್ಷ ಎರಡಕ್ಕೆ ಒಂದು, ಇನ್ನೊಂದು ವರ್ಷ ನಾಲ್ಕಕ್ಕೆ ಒಂದು.

2024ರ ಸೆಪ್ಟೆಂಬರಿನಲ್ಲಿ ರ್‍ಯಾಬಿಟ್‌ಎಂಕ್ಯೂ 4.0 ಬಂತು. ಅದರಲ್ಲಿ ಏನೇನು ಹೊಸದು ಎಂಬ ಟಿಪ್ಪಣಿ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಕೋರಂ ಕ್ಯೂ ಎಂಬ ಬಗೆಯ ಸರದಿಗೆ ಈ ಆವೃತ್ತಿಯಲ್ಲಿ ಆದ್ಯತೆಯ ಸೌಲಭ್ಯ ಸೇರಿದೆ. ಸಂದೇಶಗಳು ಎರಡೇ ಬಗೆ, ತುರ್ತು ಮತ್ತು ಸಾಮಾನ್ಯ. ತುರ್ತಿನವು ಎಷ್ಟೇ ಇರಲಿ, ಎರಡು ತುರ್ತಿನವು ಹೋದ ಮೇಲೆ ಒಂದು ಸಾಮಾನ್ಯದ್ದು ಹೋಗಬೇಕು. ಹಿಂದಿನ ಹಳೆಯ ಬಗೆಯ ಆದ್ಯತಾ ಸರದಿಯಲ್ಲಿ ಈ ಕಟ್ಟು ಇರಲಿಲ್ಲ. ಅಲ್ಲಿ ಮೇಲಿನವು ಪೂರ್ತಿ ಖಾಲಿಯಾಗುವ ತನಕ ಕೆಳಗಿನವು ಕಾಯಬೇಕಿತ್ತು, ಮೇಲಿನವು ಬರುತ್ತಲೇ ಇದ್ದರೆ ಕೆಳಗಿನವಕ್ಕೆ ಸರದಿಯೇ ಬರುತ್ತಿರಲಿಲ್ಲ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಇಟ್ಟಿರುವ ಹೆಸರಿನ ಅರ್ಥ ‘ಹಸಿವಿನಿಂದ ಸಾಯುವುದು’. ಆ ಪದವನ್ನು ಆಯ್ದವರಿಗೆ ಕಾಲುವೆಯ ಕೊನೆಯ ಗದ್ದೆ ಗೊತ್ತಿತ್ತೋ ಏನೋ.

ಎರಡಕ್ಕೆ ಒಂದು. ತಾತ ಆಗ ಬದುಕಿದ್ದ. ಅವನಿಗೆ ಹೇಳಿದೆ. "ಯಾವಾಗಲೂ ಎರಡಕ್ಕೆ ಒಂದಾ?" ಎಂದು ಕೇಳಿದ. ಹೌದು ಎಂದೆ. "ಹಂಗಾದ್ರೆ ಅದು ಪೈರು ನೋಡಲ್ಲ" ಎಂದ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಈ ಒಂದು ಮಾತಿನ ಮೇಲೆ ನಿಂತಿದೆ, ಅಲ್ಲಿ ಬರುವ ಸಮೀಕರಣಗಳೆಲ್ಲ ಅದಕ್ಕೆ ಉಡಿಸಿದ ಬಟ್ಟೆ. ಕಾದ ಹೊತ್ತು ಹೆಚ್ಚಾದಷ್ಟೂ ಸಾಮಾನ್ಯ ಸಂದೇಶದ ಪಾಲು ಹೆಚ್ಚುವಂತೆ ಆ ಅನುಪಾತವನ್ನು ಬದಲಿಸುತ್ತಾ ಹೋದರೆ ಏನಾಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಈಗ ಮೂರು ಡೆಸ್ಕ್‌ಟಾಪ್‌ಗಳ ವಿಷಯ. ಒಂದೇ ಯಂತ್ರದಲ್ಲಿ ಸಂದೇಶ ಇಟ್ಟರೆ ಆ ಯಂತ್ರ ಕೆಟ್ಟಾಗ ಸಂದೇಶವೂ ಹೋಗುತ್ತದೆ. ಅದಕ್ಕೆ ಹಲವು ಯಂತ್ರಗಳಲ್ಲಿ ಪ್ರತಿ ಇಡುತ್ತಾರೆ. ರ್‍ಯಾಬಿಟ್‌ಎಂಕ್ಯೂನಲ್ಲಿ ಇದಕ್ಕೆ ಬಹಳ ಕಾಲ ‘ಕನ್ನಡಿ ಸರದಿ’ ಇತ್ತು. ಒಬ್ಬ ಯಜಮಾನ, ಉಳಿದವರು ಅವನ ಕನ್ನಡಿಗಳು. ಯಂತ್ರಗಳ ನಡುವಿನ ಸಂಪರ್ಕ ಕಡಿದು ಎರಡು ಗುಂಪಾದರೆ ಎರಡೂ ಕಡೆ ಯಜಮಾನರು ಹುಟ್ಟಿಕೊಳ್ಳುತ್ತಿದ್ದರು. ಸಂಪರ್ಕ ಮರಳಿದಾಗ ಒಬ್ಬನ ಲೆಕ್ಕವನ್ನು ಬಿಸಾಡಬೇಕು, ಅದರಲ್ಲಿದ್ದ ಸಂದೇಶಗಳೂ ಅದರ ಜೊತೆಗೆ ಹೋದವು. 4.0ರಲ್ಲಿ ಈ ಕನ್ನಡಿ ಸರದಿಯನ್ನೇ ಕಿತ್ತುಹಾಕಿದರು. ಉಳಿದದ್ದು 2019ರಲ್ಲಿ ಬಂದಿದ್ದ ಕೋರಂ ಕ್ಯೂ. ಮೂರು ಯಂತ್ರಗಳಿದ್ದರೆ ಕನಿಷ್ಠ ಎರಡು ‘ಬರೆದುಕೊಂಡೆ’ ಎನ್ನುವ ತನಕ ಕಳಿಸಿದವನಿಗೆ ರಸೀತಿ ಕೊಡುವುದಿಲ್ಲ. ಒಂಟಿಯಾಗಿ ಉಳಿದ ಯಂತ್ರ ತಾನೇ ಯಜಮಾನ ಎಂದುಕೊಳ್ಳುವಂತಿಲ್ಲ, ಸುಮ್ಮನೆ ಕೂರಬೇಕು. ಪಂಚಾಯ್ತಿಯಲ್ಲಿ ಕೋರಂ ಇಲ್ಲದೆ ಠರಾವು ಮಾಡುವಂತಿಲ್ಲ ಎನ್ನುತ್ತಾರಲ್ಲ, ಅದೇ ಪದ, ಅದೇ ಅರ್ಥ. ಇದರ ಹಿಂದಿನ ಲೆಕ್ಕಾಚಾರ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ‘ರ್‍ಯಾಫ್ಟ್’. ದೊಡ್ಡ ಕಂಪನಿಗಳಲ್ಲಿ ಇದನ್ನು ಪರೀಕ್ಷಿಸಲು ಬೇಕೆಂದೇ ಯಂತ್ರ ಕೆಡಿಸುವ ತಂತ್ರಾಂಶಗಳಿವೆ. ನಮಗೆ ಆ ಖರ್ಚಿಲ್ಲ. ಮೂರು ಯಂತ್ರಗಳನ್ನು ಬೇರೆ ಬೇರೆ ಪ್ಲಗ್ಗಿಗೆ ಹಾಕಿ, ಒಂದಕ್ಕೆ ಮಾತ್ರ ಯುಪಿಎಸ್ ಕೊಡದೆ ಬಿಟ್ಟರೆ ಉಳಿದದ್ದನ್ನು ಕರೆಂಟು ನೋಡಿಕೊಳ್ಳುತ್ತದೆ.

ಕಾಫ್ಕಾದ ದಾರಿ ಬೇರೆ. ಅದು ಸರದಿಯಲ್ಲ, ದಿನಚರಿ ಪುಸ್ತಕ. ಬಂದದ್ದನ್ನೆಲ್ಲ ಒಂದರ ಕೆಳಗೊಂದು ಬರೆಯುತ್ತಾ ಹೋಗುತ್ತದೆ, ಓದಿದವರು ತಾವು ಎಲ್ಲಿಯವರೆಗೆ ಓದಿದೆವೆಂದು ಗುರುತು ಇಟ್ಟುಕೊಳ್ಳುತ್ತಾರೆ. ಓದಿದ್ದನ್ನು ಯಾರೂ ಹರಿದು ಹಾಕುವುದಿಲ್ಲ, ಅವಧಿ ಮುಗಿಯುವ ತನಕ ಇರುತ್ತದೆ. ವೇಗಕ್ಕೆ ಇದು ಒಳ್ಳೆಯದು. ಆದರೆ ಒಂದು ಪುಟಭಾಗವನ್ನು ಒಂದು ಗುಂಪಿನಲ್ಲಿ ಒಬ್ಬನೇ ಓದಬೇಕು. ಅವನು ಒಂದು ಸಾಲಿನಲ್ಲಿ ಎಡವಿದರೆ ಆ ಪುಟದ ಉಳಿದ ಸಾಲುಗಳೂ ಕಾಯಬೇಕು. 2025ರ ಮಾರ್ಚಿನಲ್ಲಿ ಬಂದ ಕಾಫ್ಕಾ 4.0ರಲ್ಲಿ ಝೂಕೀಪರ್ ಎಂಬ ಹಳೆಯ ಕಾವಲುಗಾರನನ್ನು ಪೂರ್ತಿ ತೆಗೆದದ್ದು ದೊಡ್ಡ ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಪ್ರಾಯೋಗಿಕವಾಗಿ ಸೇರಿಸಿದ್ದ ‘ಶೇರ್ ಗ್ರೂಪ್’. ಒಂದೇ ಪುಟವನ್ನು ಹಲವರು ಹಂಚಿಕೊಂಡು ಓದಬಹುದು. ಪ್ರತಿ ಸಾಲಿಗೂ ಬೇರೆ ಬೇರೆ ಉತ್ತರ ಕೊಡಬಹುದು: ಆಯಿತು, ನನ್ನಿಂದಾಗಲಿಲ್ಲ ಇನ್ನೊಬ್ಬರಿಗೆ ಕೊಡಿ, ಅಥವಾ ಇದು ಕೆಟ್ಟಿದೆ, ಬಿಡಿ. ದಿನಚರಿ ಪುಸ್ತಕ ಕೊನೆಗೂ ಸರದಿಯ ಬುದ್ಧಿ ಕಲಿಯಿತು ಎನ್ನಬಹುದು. ರ್‍ಯಾಬಿಟ್‌ಎಂಕ್ಯೂ 2021ರಲ್ಲಿಯೇ ದಿನಚರಿಯ ಬುದ್ಧಿ ಕಲಿತಿತ್ತು. ಇಬ್ಬರೂ ಒಬ್ಬರ ಹೊಲಕ್ಕೆ ಒಬ್ಬರು ಬದು ಸರಿಸುತ್ತಿದ್ದಾರೆ.

ಈ ಹೊಸ ಸೌಲಭ್ಯಗಳಲ್ಲಿ ನನ್ನನ್ನು ನಿಜವಾಗಿ ಕಾಡುವುದು ಇನ್ನೊಂದಿದೆ. ಅದನ್ನು ಹೇಳಲು ಅಮ್ಮನ ಹಾಲಿನ ಲೆಕ್ಕಕ್ಕೆ ಹೋಗಬೇಕು.

ಕೆರೆಗಳು ಬತ್ತಿ, ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಕಾಲ ಬಂದ ಮೇಲೆ ಗದ್ದೆ ಇಲ್ಲದವರಿಗೆ ನಮ್ಮ ಕಡೆ ಉಳಿದದ್ದು ಎರಡು: ರೇಷ್ಮೆ ಮನೆಗಳಲ್ಲಿ ಕೂಲಿ, ಇಲ್ಲವೇ ಒಂದೆರಡು ಸೀಮೆಹಸು. ಅಮ್ಮ ಹಸು ಕಟ್ಟಿದಳು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು, ವಾರ ಹದಿನೈದು ದಿನಕ್ಕೆ ಬಟವಾಡೆ. ನನ್ನ ಕಾಲೇಜು ಫೀಸಿನ ದೊಡ್ಡ ಪಾಲು ಆ ಕ್ಯಾನಿನಿಂದ ಬಂದದ್ದು. ಮೊದಲು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಆಮೇಲೆ ಯಂತ್ರ ಬಂತು. ಹಾಲು ಸುರಿದರೆ ತೂಕ, ಫ್ಯಾಟು, ದರ ಎಲ್ಲ ತಾನೇ ಬರೆದುಕೊಂಡು ಒಂದು ಚೀಟಿ ಕೊಡುವ ಪೆಟ್ಟಿಗೆ. ಅಲ್ಲಿಂದ ಲೆಕ್ಕ ಸಿಮ್ ಕಾರ್ಡಿನ ಮೂಲಕ ಮೇಲಕ್ಕೆ ಹೋಗಿ, ಹಣ ಬ್ಯಾಂಕಿಗೆ. ಅಳತೆಯಲ್ಲಿ ಮೋಸ ನಿಂತಿತು. ನಾನು ಯಂತ್ರದ ಪರವೇ.

ನಾನು ಎಂ.ಟೆಕ್. ಓದುತ್ತಿದ್ದಾಗ ಒಂದು ಮಳೆಗಾಲ, ಐದು ಸಂಜೆ ಸುಮಾರು 31 ಲೀಟರಿನಷ್ಟು ಹಾಲು ಬಟವಾಡೆಯಲ್ಲಿ ಇರಲಿಲ್ಲ. ಆ ದಿನಗಳಲ್ಲಿ ಚೀಟಿ ಮುದ್ರಿಸುವ ಕಾಗದ ಮುಗಿದಿತ್ತು. ಅಮ್ಮ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಲೀಟರು ಬರೆಯುತ್ತಿದ್ದಳು, ಅದನ್ನೇ ಕಿತ್ತುಕೊಂಡು ಹೋಗಿ ತೋರಿಸಿದಳು. "ಕಂಪ್ಯೂಟರ್‌ನಲ್ಲಿ ಬಂದಿಲ್ಲ ಅಕ್ಕ, ನಾನೇನ್ ಮಾಡ್ಲಿ" ಎಂದರು ಅಲ್ಲಿದ್ದವರು. ಅವರು ಕೆಟ್ಟವರೇನಲ್ಲ. ಅವರ ಕೈಯಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಇನ್ನೂ ಹತ್ತು ಮನೆಯವರದು ಇದೇ ಕಥೆ. ಆಮೇಲೆ ಪೆಟ್ಟಿಗೆ ರಿಪೇರಿಗೆ ಬಂದ ಹುಡುಗ ಹೇಳಿದ: ನೆಟ್‌ವರ್ಕ್ ಹೋಗಿದ್ದಾಗ ಕರೆಂಟೂ ಹೋಗಿ, ಒಳಗಿನ ಚಿಕ್ಕ ಬ್ಯಾಟರಿ ಸತ್ತು, ಪೆಟ್ಟಿಗೆಯ ತಾರೀಖು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿತ್ತು. ನೆಟ್‌ವರ್ಕ್ ಬಂದ ಮೇಲೆ ಆ ಲೆಕ್ಕಗಳನ್ನು ಅದು ಕಳಿಸಿತು. ಮೇಲಿನವರು ತಾರೀಖು ಸರಿಯಿಲ್ಲವೆಂದು ತಿರಸ್ಕರಿಸಿದರು. ಮತ್ತೆ ಕಳಿಸಿತು, ಮತ್ತೆ ತಿರಸ್ಕಾರ. ಇಷ್ಟು ಸಲ ಆದ ಮೇಲೆ ಬಿಟ್ಟುಬಿಟ್ಟಿತು.

ನಮ್ಮ ಶಾಸ್ತ್ರದಲ್ಲಿ ಇಂಥದ್ದಕ್ಕೆ ‘ವಿಷದ ಸಂದೇಶ’ ಎನ್ನುತ್ತಾರೆ. ಯಾರು ಮುಟ್ಟಿದರೂ ಕೆಲಸ ಕೆಡುತ್ತದೆ, ವಾಪಸ್ ಸರದಿಗೆ ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಬಿಟ್ಟರೆ ಇಡೀ ಸರದಿಯನ್ನೇ ನಿಲ್ಲಿಸುತ್ತದೆ. ಅದಕ್ಕೆ ಹೊಸ ಆವೃತ್ತಿಗಳು ಒಂದು ಮಿತಿ ಹಾಕಿವೆ. ರ್‍ಯಾಬಿಟ್‌ಎಂಕ್ಯೂ 4.0ರ ಕೋರಂ ಕ್ಯೂನಲ್ಲಿ, ನೀವು ಬೇರೆ ಏನೂ ಹೇಳದಿದ್ದರೆ, ಮಿತಿ 20. ಅಷ್ಟು ಸಲ ವಾಪಸಾದ ಸಂದೇಶವನ್ನು ‘ಸತ್ತ ಕಾಗದಗಳ’ ಪೆಟ್ಟಿಗೆಗೆ ಹಾಕಲಾಗುತ್ತದೆ. ಅಂಚೆ ಇಲಾಖೆಯಲ್ಲಿ ವಿಳಾಸ ಸಿಗದ ಕಾಗದಗಳಿಗೆ ಇದ್ದ ಕಚೇರಿಯ ಹೆಸರನ್ನೇ ಇಲ್ಲಿಗೂ ತಂದಿದ್ದಾರೆ. ಆದರೆ ಆ ಪೆಟ್ಟಿಗೆಯನ್ನು ಯಾರಾದರೂ ಮೊದಲೇ ಇಟ್ಟಿರಬೇಕು. ಇಟ್ಟಿರದಿದ್ದರೆ ಸಂದೇಶವನ್ನು ಎಸೆದುಬಿಡಲಾಗುತ್ತದೆ. ಕಾಫ್ಕಾದ ಶೇರ್ ಗ್ರೂಪ್‌ನಲ್ಲಿ ಮಿತಿ ಇನ್ನೂ ಬಿಗಿ, 5.

ಎಂಜಿನಿಯರ್ ಆಗಿ ನೋಡಿದರೆ ಇದು ಸರಿಯಾದ ತೀರ್ಮಾನ. ಒಂದು ಕೆಟ್ಟ ಸಂದೇಶಕ್ಕಾಗಿ ಲಕ್ಷ ಸಂದೇಶ ಕಾಯಬಾರದು. ಇದಕ್ಕಿಂತ ಹಿಂದೆ ಮಿತಿ ಇಲ್ಲದೆ ಸುತ್ತುತ್ತಿದ್ದ ಸಂದೇಶಗಳು ರಾತ್ರೋರಾತ್ರಿ ಇಡೀ ವ್ಯವಸ್ಥೆಗಳನ್ನು ಮಲಗಿಸಿದ್ದೂ ಉಂಟು. ಆದರೆ 20 ಎಂಬ ಸಂಖ್ಯೆ ಓದಿದಾಗ ನನಗೆ ಕಂಡದ್ದು ಕ್ಯಾಲೆಂಡರ್ ಹಿಡಿದು ನಿಂತ ಅಮ್ಮ. ಎಸೆದದ್ದು ಒಂದು ಸಂದೇಶ ಎಂದು ಯಂತ್ರಕ್ಕೆ ಗೊತ್ತು, ಆರು ಲೀಟರ್ ಹಾಲು ಎಂದು ಗೊತ್ತಿಲ್ಲ.

ತಾತನಿಗೂ ಅಮ್ಮನಿಗೂ ಇರುವ ವ್ಯತ್ಯಾಸ ನನಗೆ ಇಲ್ಲಿ ಹೊಳೆಯುತ್ತದೆ. ತಾತನ ಹಂಚಿಕೆ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ನೀರು ಬರಲಿಲ್ಲವೆಂದರೆ ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ಕಾಲುವೆಗೆ ಬಂದು ಅವನ ಮೇಲೆ ಕೂಗಾಡುತ್ತಿದ್ದರು. ಹೊಡೆಯಲು ಬಂದವರೂ ಇದ್ದರು. ಜಾತಿ ಹಿಡಿದು ಬೈಯುತ್ತಿದ್ದದ್ದು ಬೇರೆ. ಅವನು ಉತ್ತರ ಕೊಡಬೇಕಿತ್ತು, ಕೊಡುತ್ತಿದ್ದ: "ನಿಂದು ನಾಳೆ, ಅವಂದು ಹೊಡೆ ಬಂದೈತೆ, ಬೇಕಾದ್ರೆ ಬಂದು ನೋಡು." ನೋಡಲು ಹೋಗಬಹುದಿತ್ತು. ಅಮ್ಮನಿಗೆ ಜಗಳ ಆಡಲು ಯಾರೂ ಸಿಗಲಿಲ್ಲ. ಡೈರಿಯವರು ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಕಂಪ್ಯೂಟರಿನ ಹಿಂದೆ ಯಾರೋ ಒಬ್ಬರು ಎಂದೋ ಒಂದು ಸಂಖ್ಯೆಯನ್ನು ಬದಲಾಯಿಸದೆ ಹಾಗೇ ಬಿಟ್ಟಿದ್ದರು, ಅಷ್ಟೇ. 20, 5. ಇವೆಲ್ಲ ‘ಡಿಫಾಲ್ಟ್’ಗಳು. ಹೇಳದಿದ್ದರೆ ಹೀಗೇ ಎಂದು ಮೊದಲೇ ಇಟ್ಟುಬಿಟ್ಟ ಬೆಲೆಗಳು. ಇವುಗಳನ್ನು ಬರೆದವರು ಬಹಳ ಯೋಚನೆ ಮಾಡಿ, ಸಾರ್ವಜನಿಕವಾಗಿ ಚರ್ಚಿಸಿಯೇ ಬರೆಯುತ್ತಾರೆ, ಮುಕ್ತ ತಂತ್ರಾಂಶದ ಒಳ್ಳೆಯ ಗುಣ ಅದು. ಆದರೆ ಆ ಚರ್ಚೆಗೆ ಹಾಲು ಹಾಕುವವರು ಬರುವುದಿಲ್ಲ, ಬರುವ ದಾರಿಯೂ ಇಲ್ಲ.

ವಿಶ್ವೇಶ್ವರಯ್ಯನವರ ಊರಿನಲ್ಲಿ ಕೂತು ಅವರನ್ನು ಬಿಟ್ಟು ಇದನ್ನು ಬರೆಯಲಾಗುವುದಿಲ್ಲ. ಅವರೂ ಹಂಚಿಕೆಯ ಎಂಜಿನಿಯರ್. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು 1903ರ ಸುಮಾರಿಗೆ ಹಾಕಿದ ಸ್ವಯಂಚಾಲಿತ ಬಾಗಿಲುಗಳು ಎಲ್ಲರಿಗೂ ಗೊತ್ತು. ನೀರು ಒಂದು ಮಟ್ಟ ಮುಟ್ಟುವ ತನಕ ಮುಚ್ಚಿದ್ದು, ದಾಟಿದ ಕೂಡಲೇ ತಾವೇ ತೆರೆದು, ಇಳಿದ ಮೇಲೆ ತಾವೇ ಮುಚ್ಚುವ ಬಾಗಿಲುಗಳು. ಯಾರೂ ಹೋಗಿ ತಿರುಗಿಸಬೇಕಿಲ್ಲ. ರ್‍ಯಾಬಿಟ್‌ಎಂಕ್ಯೂನಲ್ಲಿ ಇದರದೇ ತದ್ರೂಪಿ ಇದೆ, ಹೆಸರೂ ನೀರಿನದೇ: ‘ಹೈ ವಾಟರ್‌ಮಾರ್ಕ್’. ನೆನಪಿನ ಜಾಗ ಒಂದು ಮಟ್ಟ ಮುಟ್ಟಿದರೆ ಬ್ರೋಕರ್ ಕಳಿಸುವವರನ್ನು ತಡೆದು ನಿಲ್ಲಿಸುತ್ತದೆ, ಇಳಿದ ಮೇಲೆ ಬಿಡುತ್ತದೆ. ಹಿಂದೆ ಆ ಮಟ್ಟ ಶೇ. 40 ಇತ್ತು, 4.0ರಲ್ಲಿ ಶೇ. 60 ಮಾಡಿದರು. ಒಂದೇ ವ್ಯತ್ಯಾಸವೆಂದರೆ ಖಡಕ್‌ವಾಸ್ಲಾದ ಬಾಗಿಲು ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ, ಇದು ಒಳಗೆ ಬರುವುದನ್ನೇ ತಡೆಯುತ್ತದೆ. ಮಳೆಗೆ ‘ಸ್ವಲ್ಪ ತಾಳು’ ಎನ್ನಲು ಬಂದಿದ್ದರೆ ವಿಶ್ವೇಶ್ವರಯ್ಯನವರೂ ಇದನ್ನೇ ಮಾಡುತ್ತಿದ್ದರೇನೋ.

ಆದರೆ ನನಗೆ ಅವರ ಬಾಗಿಲಿಗಿಂತ ಹೆಚ್ಚು ಇಷ್ಟವಾಗುವುದು ಅದೇ ಕಾಲದ ಬ್ಲಾಕ್ ಪದ್ಧತಿ. ಮುಂಬಯಿ ಪ್ರಾಂತ್ಯದ ನೀರಾ ಕಾಲುವೆಯಲ್ಲಿ ಕಬ್ಬಿನವರು ನೀರೆಲ್ಲ ಎಳೆದುಕೊಳ್ಳುತ್ತಿದ್ದರು. ವಿಶ್ವೇಶ್ವರಯ್ಯ ಜಮೀನನ್ನು ಬ್ಲಾಕುಗಳಾಗಿ ಹಂಚಿದರು. ಪ್ರತಿ ಬ್ಲಾಕಿನಲ್ಲೂ ಕಬ್ಬಿನಂಥ ಬೆಳೆಗೆ ಇಂತಿಷ್ಟೇ ಪಾಲು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ಸರದಿಯಂತೆ ಬದಲು. ಹೀಗೆ ಅದೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟಬೇಕು. ರೈತರು ಮೊದಲು ಒಪ್ಪಲಿಲ್ಲ. ಅವರ ಜೊತೆ ಮಾತಾಡಿ ಒಪ್ಪಿಸಬೇಕಾಯಿತು. ಆ ಮಾತುಕತೆಯೂ ಅವರ ಎಂಜಿನಿಯರಿಂಗಿನ ಭಾಗ ಎಂದು ನಾನು ತಿಳಿಯುತ್ತೇನೆ. ಸೆಪ್ಟೆಂಬರ್ 15ಕ್ಕೆ ಮಾಲೆ ಹಾಕುವಾಗ ನಾವು ಬಾಗಿಲನ್ನಷ್ಟೇ ನೆನೆಯುತ್ತೇವೆ, ಇದನ್ನು ನೆನೆಯುವುದಿಲ್ಲ.

ಈಗ ನಮ್ಮ ಕೆಲವು ಕೆರೆಗಳಿಗೆ ನೀರು ಬಂದಿದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ತಂದು ತುಂಬಿಸುವ ಯೋಜನೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಹಾಗೆ ತುಂಬಿದ್ದು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ನ್ಯಾಯ. ಈ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ ಮಾತ್ರ, ಕೆರೆಯಿಂದ ನೇರ ಗದ್ದೆಗೆ ಬಿಡುವಂತಿಲ್ಲ. ಹಾಗಾಗಿ ಕೆರೆ ತುಂಬಿದರೂ ತೂಬು ಮುಚ್ಚಿಯೇ ಇರುತ್ತದೆ. ತಾತನನ್ನು ಒಂದು ಸಲ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿದ್ದೆ. ಬಹಳ ಹೊತ್ತು ನೋಡಿದ. ಕೆಳಗಿನ ಗದ್ದೆಗಳ ಜಾಗದಲ್ಲಿ ಲೇಔಟ್ ಕಲ್ಲುಗಳಿದ್ದವು. "ಯಾರ ಸರದಿ ಈಗ?" ಎಂದು ಕೇಳಿ ತಾನೇ ನಕ್ಕ. ಅವನು ಹೋಗಿ ಈಗ ಒಂದು ವರ್ಷವಾಯಿತು.

ನಾಲ್ಕನೆಯ ಅಧ್ಯಾಯದಲ್ಲಿ ನಾನು ಇಟ್ಟಿರುವುದು ಒಂದು ಸಣ್ಣ ಸೇರ್ಪಡೆ. ಮಿತಿ ಮುಟ್ಟಿದ ಸಂದೇಶವನ್ನು ಎಸೆಯುವ ಮೊದಲು ಅದು ಯಾರಿಂದ ಬಂತು, ಎಷ್ಟು ಸಲ ವಾಪಸಾಯಿತು, ಏನು ಕಾರಣ ಹೇಳಿದರು ಎಂಬುದನ್ನು ಕಳಿಸಿದವರಿಗೇ ಅವರ ಭಾಷೆಯಲ್ಲಿ ಒಂದು ಸಾಲಿನಲ್ಲಿ ಹಿಂದಿರುಗಿಸುವುದು. ‘ನಿಮ್ಮ ಸಂಜೆಯ 6 ಲೀಟರ್ ಲೆಕ್ಕ ತಾರೀಖು ತಪ್ಪಾಗಿ ನಿಂತಿದೆ’ ಎಂಬಂತೆ. ಅದರ ಜೊತೆಗೆ ಅಂಥವುಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಾದ ಕಡೆ ಇಡುವುದು. ಗಣಿತದಲ್ಲಿ ಇದಕ್ಕೆ ಅಂಥ ತೂಕವಿಲ್ಲ, ಬ್ರೋಕರಿನ ವೇಗ ಕೊಂಚ ಕಡಿಮೆಯೂ ಆಗುತ್ತದೆ. ಮೂರು ಡೆಸ್ಕ್‌ಟಾಪ್‌ಗಳ ಮೇಲೆ ಎಷ್ಟು ಕಡಿಮೆ ಎಂದು ಅಳೆಯುತ್ತಿದ್ದೇನೆ. ನನ್ನ ಮಾರ್ಗದರ್ಶಕರು ಒಳ್ಳೆಯವರು, ನಿಧಾನವಾಗಿ ಓದುತ್ತಾರೆ. ಕಳೆದ ವಾರ ಅಧ್ಯಾಯ ವಾಪಸ್ ಕೊಟ್ಟರು. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಇದನ್ನು ಯಾರು ನೋಡುತ್ತಾರೆ?’ ಎಂದು ಬರೆದಿದ್ದಾರೆ. ಉತ್ತರ ಬರೆದುಕೊಂಡು ಸೋಮವಾರ ಹೋಗಬೇಕು.